ಹಳೇದು 12 ಜಿಬಿ, ಹೊಸದು 8 ಜಿಬಿ: ಯಾವುದನ್ನು ತಗೊಳ್ಳಲಿ?

ಪ್ರಶ್ನೆ: ಸರ್, ನಾನು ಬಿ.ಕಾಂ ಕೊನೆಯ ವರ್ಷದಲ್ಲಿದ್ದೇನೆ. ಸಂಜೆ ಹೊತ್ತು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡಿ 24,000 ರೂಪಾಯಿ ಕೂಡಿಟ್ಟಿದ್ದೇನೆ. ನನ್ನ ಸಿಸ್ಟಮ್‌ನಲ್ಲಿ ಇರುವುದು ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸುವುದು), 450 ವಾಟ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬಿ), 24 ಇಂಚಿನ 1080ಪಿ ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಬದಲಿಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿದೆ. ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಇದೆ, 15,000ಕ್ಕೆ ಕೊಡ್ತೀನಿ ಅಂದರು. ಬಿಲ್ ಇಲ್ಲ. ಇನ್ನೊಂದು ಕಡೆ ಹೊಸ 4060, 27,500. ಕಮ್ಮಿ ಬಿದ್ದ ದುಡ್ಡು ನಾನು ಕೊಡ್ತೀನಿ ಅಂತಾಳೆ ಅಕ್ಕ. ಫ್ರೆಂಡ್ಸ್ ಎಲ್ಲ ಹೊಸ ಜನರೇಶನ್ನೇ ತಗೋ ಅಂತಾರೆ. ಆದರೆ ಹಳೇದರಲ್ಲಿ 12 ಜಿಬಿ ಮೆಮೊರಿ, ಹೊಸದರಲ್ಲಿ 8 ಜಿಬಿ. ಇದು ಹೇಗೆ ಸರ್? ಜಾಸ್ತಿ ಆಡೋದು ವ್ಯಾಲರಂಟ್. ರಜೆಯಲ್ಲಿ ಸೈಬರ್‌ಪಂಕ್ 2077 ಥರದ ದೊಡ್ಡ ಗೇಮ್ ಆಡುವ ಆಸೆ ಇದೆ. ನಾಲ್ಕು ವರ್ಷ ಇದೇ ಕಾರ್ಡ್ ಓಡಬೇಕು.
ಒಬ್ಬ ವಿದ್ಯಾರ್ಥಿ, ಕತ್ರಿಗುಪ್ಪೆ

ಉತ್ತರ: ಇವತ್ತು ಮನೆಗೆ ಹೋದ ಮೇಲೆ ಮೊದಲು ಒಂದು ಕೆಲಸ ಮಾಡಿ. ಸಿಸ್ಟಮ್ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ. ಎಸ್‌ಎಂಪಿಎಸ್‌ನಿಂದ ಬರುವ ವೈರುಗಳಲ್ಲಿ 6 ಪಿನ್ನಿನ ಪಕ್ಕ ಇನ್ನೆರಡು ಪಿನ್ ಸೇರಿಸಿದ, ಪಿಸಿಐಇ ಅಂತ ಬರೆದ ತುದಿ ಇದೆಯಾ ನೋಡಿ. 1650 ಬರೀ 75 ವಾಟಿನ ಕಾರ್ಡ್. ಅದರ ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ವೈರೇ ಬೇಡ, ಸ್ಲಾಟಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತವೆ. 3060ಕ್ಕೂ 4060ಕ್ಕೂ ಸಾಮಾನ್ಯವಾಗಿ 8 ಪಿನ್ನಿನ ಒಂದು ವೈರ್ ಬೇಕು. ಅದು ಇಲ್ಲದಿದ್ದರೆ ಎರಡರಲ್ಲಿ ಯಾವ ಕಾರ್ಡ್ ತಂದರೂ ಮೇಜಿನ ಮೇಲೆ ಇಟ್ಟು ನೋಡಬೇಕಷ್ಟೆ. ಹಾರ್ಡ್ ಡಿಸ್ಕಿನ ವೈರಿಗೆ ಸಿಕ್ಕಿಸುವ ಅಡಾಪ್ಟರ್ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ದಯವಿಟ್ಟು ಅದನ್ನು ಹಾಕಬೇಡಿ. ಹಾಗೆ ಹಾಕಿ ಸುಟ್ಟ ತುದಿಗಳನ್ನು ನಾನು ಕೈಯಾರೆ ಬಿಚ್ಚಿ ತೆಗೆದಿದ್ದೇನೆ. ಪ್ರೊಸೆಸರಿಗೆ ಹೋಗುವ 8 ಪಿನ್ ವೈರ್ ನೋಡಲು ಹಾಗೇ ಕಂಡರೂ ಅದು ಬೇರೆ. ಒತ್ತಿ ತೂರಿಸಬೇಡಿ.

ಇಷ್ಟು ಹೇಳಲು ಕಾರಣ ಇದೆ. ಎರಡೂ ಕಾರ್ಡಿಗೆ ಅವುಗಳ ಚಿಪ್ ಮಾಡುವ ಕಂಪನಿ ಎನ್ವಿಡಿಯಾ 550 ವಾಟ್ ಎಸ್‌ಎಂಪಿಎಸ್ ಇರಲಿ ಅನ್ನುತ್ತದೆ. 3060 ಫುಲ್ ಓಡುವಾಗ 170 ವಾಟ್ ತಿನ್ನುತ್ತದೆ, 4060 ತಿನ್ನುವುದು 115. ನಿಮ್ಮ 450 ವಾಟಿನದು ಒಳ್ಳೆಯ ಕಂಪನಿಯದಾಗಿದ್ದು ಸರಿಯಾದ ವೈರೂ ಇದ್ದರೆ 4060 ಆರಾಮಾಗಿ ಓಡುತ್ತದೆ. ಕ್ಯಾಬಿನೆಟ್ ಜೊತೆ ಸುಮ್ನೆ ಸೇರಿಸಿ ಕೊಟ್ಟ ಹೆಸರಿಲ್ಲದ ಎಸ್‌ಎಂಪಿಎಸ್ ಆಗಿದ್ದರೆ ಎರಡಕ್ಕೂ ಬೇಡ. ನಿಮ್ಮ 24,000ದಲ್ಲಿ 4,500 ರೂಪಾಯಿಯನ್ನು ಹೊಸ ಎಸ್‌ಎಂಪಿಎಸ್‌ಗೆ ತೆಗೆದಿಟ್ಟು, ಉಳಿದದ್ದರಲ್ಲಿ ಕಾರ್ಡ್ ಹುಡುಕೋಣ.

ಈಗ ಮೆಮೊರಿಯ ವಿಷಯ. ಹೊಸದರಲ್ಲಿ ಯಾಕೆ ಕಮ್ಮಿ ಅಂತ ನಿಮಗೆ ಅನ್ನಿಸಿದ್ದು ಸರಿಯಾಗೇ ಇದೆ. ಕಾರ್ಡಿನ ಮೇಲೆ ಮೆಮೊರಿ ಚಿಪ್ಪುಗಳನ್ನು ಬೇಕಾದಷ್ಟು ಕೂರಿಸಲು ಆಗುವುದಿಲ್ಲ. ಒಂದೊಂದು ಚಿಪ್ಪಿಗೂ 32 ಬಿಟ್ ಅಗಲದ ದಾರಿ ಬೇಕು. 3060ರ ದಾರಿ 192 ಬಿಟ್, ಅಂದರೆ ಆರು ಚಿಪ್. ಒಂದೊಂದು 1 ಜಿಬಿಯದಾದರೆ 6 ಜಿಬಿ, 2 ಜಿಬಿಯದಾದರೆ 12. 2021ರಲ್ಲಿ 6 ಸಾಲುತ್ತಿರಲಿಲ್ಲ, ಹಾಗಾಗಿ 12 ಬಂತು. 2023ರ ಜೂನಿನಲ್ಲಿ ಬಂದ 4060ಯ ದಾರಿ 128 ಬಿಟ್ ಅಷ್ಟೆ. ನಾಲ್ಕು ಚಿಪ್, ತಲಾ 2 ಜಿಬಿ, ಒಟ್ಟು 8. ದಾರಿ ಸಣ್ಣದು ಮಾಡಿದ್ದರಿಂದ ಮೆಮೊರಿಯೂ ಇಳಿಯಿತು.

ಹಾಗಾದರೆ ಅದು ನಿಧಾನ ಆಗಬೇಕಲ್ವಾ? ಎಸ್.ಪಿ. ರೋಡಿನ ಅಂಗಡಿಗಳನ್ನೇ ನೆನಪಿಸಿಕೊಳ್ಳಿ. ಮುಂದೆ ಹತ್ತಡಿ ಅಂಗಡಿ, ಹಿಂದಿನ ಗಲ್ಲಿಯಲ್ಲಿ ಗೋಡೌನ್. ನೀವು ಕೇಳಿದ್ದು ಅಂಗಡಿಯಲ್ಲೇ ಇದ್ದರೆ ತಕ್ಷಣ ಕೈಗೆ ಬರುತ್ತದೆ. ಇಲ್ಲದಿದ್ದರೆ ಹುಡುಗ ಗೋಡೌನಿಗೆ ಓಡಬೇಕು, ನೀವು ಕಾಯಬೇಕು. 3060ರ ಚಿಪ್ಪಿನೊಳಗಿನ ಕ್ಯಾಶ್, ಅಂದರೆ ಅಂಗಡಿಯಲ್ಲೇ ಇಟ್ಟ ಸರಕು, 3 ಎಂಬಿ. 4060ಯಲ್ಲಿ ಅದು 24 ಎಂಬಿ. ಗಲ್ಲಿ ಇಕ್ಕಟ್ಟಾದರೂ ಹುಡುಗ ಪದೇ ಪದೇ ಓಡಬೇಕಾಗಿಲ್ಲ. ಜೊತೆಗೆ ಹೊಸ ಚಿಪ್ಪಿನ ಓಟದ ವೇಗವೂ (ಕ್ಲಾಕ್) ಜೋರು. 3060 ಸುಮಾರು 1.8 ಗಿಗಾಹರ್ಟ್ಸ್‌ನಲ್ಲಿ ಓಡಿದರೆ 4060 ಸುಮಾರು 2.5ರಲ್ಲಿ ಓಡುತ್ತದೆ. ಅದಕ್ಕೇ ಚಿಪ್ಪಿನೊಳಗೆ ಲೆಕ್ಕ ಮಾಡುವ ಕೋರ್‌ಗಳು 3,584ರಿಂದ 3,072ಕ್ಕೆ ಇಳಿದರೂ ನಿಮ್ಮಂಥ 1080ಪಿ ಮಾನಿಟರಿನಲ್ಲಿ 4060 ಶೇ. 15ರಿಂದ 20ರಷ್ಟು ಮುಂದೆ ಇರುತ್ತದೆ. ಹಳೇದರಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರುವ ಕಡೆ ಹೊಸದರಲ್ಲಿ ಸುಮಾರು 70 ಬರುತ್ತದೆ.

ಇದೆಲ್ಲ ಗೇಮ್ 8 ಜಿಬಿಯೊಳಗೆ ಹಿಡಿಯುವ ತನಕ. ಹಿಡಿಸದೆ ಹೋದಾಗ ಏನಾಗುತ್ತದೆ ಅನ್ನುವುದೇ ನಿಮ್ಮ ವಿಷಯದಲ್ಲಿ ಮುಖ್ಯ. ಉಳಿದ ಸರಕು ಸಿಸ್ಟಮ್ ರ್‍ಯಾಮಿಗೆ ಹೋಗುತ್ತದೆ. ಅಲ್ಲಿಂದ ತರಬೇಕಾದರೆ ಮದರ್‌ಬೋರ್ಡಿನ ಸ್ಲಾಟನ್ನೇ ದಾಟಿ ಬರಬೇಕು. 3060 ಆ ಸ್ಲಾಟಿನ 16 ಲೇನನ್ನೂ (ಡೇಟಾ ಸಾಗುವ ಸಾಲು) ಬಳಸುತ್ತದೆ. 4060 ಬಳಸುವುದು 8 ಮಾತ್ರ. ಹೊಸ ಬೋರ್ಡುಗಳಲ್ಲಿ ಒಂದೊಂದು ಲೇನೂ ಎರಡರಷ್ಟು ವೇಗದ್ದು, ಅಲ್ಲಿ ಎಂಟೇ ಲೇನ್ ಸಾಕಾಗುತ್ತದೆ. ನಿಮ್ಮ ಬಿ450ಯ ಆ ಸ್ಲಾಟ್ ಪಿಸಿಐಇ 3ನೇ ತಲೆಮಾರಿನದು. ಅದರಲ್ಲಿ 4060 ಹಾಕಿದರೆ ಸೆಕೆಂಡಿಗೆ ಸುಮಾರು 16 ಜಿಬಿ ಸಾಗಬೇಕಾದ ಕಡೆ 8 ಜಿಬಿ ಸಾಗುತ್ತದೆ. ಮಾಮೂಲಿ ಆಟದಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಮೆಮೊರಿ ತುಂಬಿದ ದಿನ ಗೊತ್ತಾಗುತ್ತದೆ. ಸರಾಸರಿ ಫ್ರೇಮ್ ಚೆನ್ನಾಗೇ ತೋರಿಸುತ್ತಿರುತ್ತದೆ, ಆದರೆ ಕಾರು ಓಡಿಸುತ್ತಾ ತಿರುವಿಗೆ ಬಂದಾಗ ಚಿತ್ರ ಗಕ್ಕನೆ ನಿಂತು ಮತ್ತೆ ಓಡುತ್ತದೆ. ಎದುರಿನ ಗೋಡೆಯ ಮೇಲಿನ ಬರಹ ಕಲಸಿ ಹೋಗಿ, ಎರಡು ಸೆಕೆಂಡ್ ಆದ ಮೇಲೆ ಸ್ಪಷ್ಟವಾಗುತ್ತದೆ. ನನಗಂತೂ ಹತ್ತು ಫ್ರೇಮ್ ಕಮ್ಮಿಯಾದರೂ ಪರವಾಗಿಲ್ಲ, ಈ ಗಕ್ಕನೆ ನಿಲ್ಲುವುದು ಬೇಡ.

ಫ್ರೆಂಡ್ಸ್ ಹೇಳಿರಬಹುದು, 4060ಯಲ್ಲಿ ಫ್ರೇಮ್ ಜನರೇಶನ್ ಇದೆ, 3060ಯಲ್ಲಿ ಇಲ್ಲ ಅಂತ. ನಿಜ. ಎನ್ವಿಡಿಯಾ ಅದನ್ನು 40ರ ಸರಣಿಯಿಂದ ಈಚೆಗೆ ಮಾತ್ರ ಕೊಟ್ಟಿದೆ. ಎರಡು ಚಿತ್ರಗಳ ನಡುವೆ ಕಾರ್ಡೇ ಒಂದು ಚಿತ್ರ ಬರೆದು ಸೇರಿಸುತ್ತದೆ. ಕಣ್ಣಿಗೆ ನಯವಾಗಿ ಕಾಣುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಗೇಮ್ ಸ್ಪಂದಿಸುವ ವೇಗ ಅದರಿಂದ ಹೆಚ್ಚುವುದಿಲ್ಲ. ಮೊದಲೇ 50-60 ಫ್ರೇಮ್ ಬರುತ್ತಿದ್ದರೆ ಚೆಂದ, 30 ಬರುವ ಕಡೆ ಹಾಕಿದರೆ ಕೈಗೆ ಭಾರ. ಅದಕ್ಕೂ ಒಂದಷ್ಟು ಮೆಮೊರಿ ಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಇನ್ನು, ಚಿಕ್ಕ ಚಿತ್ರವನ್ನು ದೊಡ್ಡದು ಮಾಡುವ ಡಿಎಲ್‌ಎಸ್‌ಎಸ್ ಎರಡೂ ಕಾರ್ಡಿನಲ್ಲಿದೆ. 2025ರ ಜನವರಿಯಲ್ಲಿ ಅದರ ಹೊಸ ಮಾದರಿ ಬಂದಾಗ 3060ಗೂ ಸಿಕ್ಕಿತು. ಎದುರಾಳಿ ಕಂಪನಿ ಎಎಂಡಿಯ ಇಂಥದ್ದೇ ತಂತ್ರ ಎಫ್‌ಎಸ್‌ಆರ್ 3 ಇರುವ ಗೇಮ್‌ಗಳಲ್ಲಿ 3060ಯಲ್ಲೂ ಫ್ರೇಮ್ ಜನರೇಶನ್ ಹಾಕಿಕೊಳ್ಳಬಹುದು.

ವ್ಯಾಲರಂಟ್‌ಗೋಸ್ಕರ ಆದರೆ ಯಾವುದೂ ಬೇಡ. ಅದಕ್ಕೆ ನಿಮ್ಮ 1650 ಸಾಕು, ಅಲ್ಲಿ ವೇಗ ಕೊಡುವುದು ಪ್ರೊಸೆಸರ್. ಮುಂದಿನ ವರ್ಷ ದುಡ್ಡು ಕೂಡಿದರೆ ಇದೇ ಬೋರ್ಡಿಗೆ ಬಯಾಸ್ (ಬೋರ್ಡಿನೊಳಗಿನ ಮೂಲ ಪ್ರೋಗ್ರಾಮ್) ಅಪ್‌ಡೇಟ್ ಮಾಡಿ ರೈಜನ್ 5 5600 ಪ್ರೊಸೆಸರ್ ಹಾಕಿ. ದೊಡ್ಡ ಗೇಮ್‌ಗಳಿಗೆ ಮಾತ್ರ 1650 ನಿಜಕ್ಕೂ ಸೋತಿದೆ. 2024ರ ಡಿಸೆಂಬರಿನ ಇಂಡಿಯಾನಾ ಜೋನ್ಸ್ ಗೇಮ್, 2025ರ ಮೇ ತಿಂಗಳಿನ ಡೂಮ್ ದಿ ಡಾರ್ಕ್ ಏಜಸ್, ಎರಡಕ್ಕೂ ರೇ ಟ್ರೇಸಿಂಗ್ (ಬೆಳಕು ಬೀಳುವ ದಾರಿ ಲೆಕ್ಕ ಹಾಕಿ ಚಿತ್ರ ಬರೆಯುವುದು) ಮಾಡಬಲ್ಲ ಕಾರ್ಡ್ ಬೇಕು, ಕನಿಷ್ಠ 8 ಜಿಬಿಯದು. ಕನಿಷ್ಠವೇ 8 ಆಗಿರುವಾಗ ನಾಲ್ಕು ವರ್ಷದ ಲೆಕ್ಕ ಹಾಕುವವರು 8 ಜಿಬಿಗೆ ಸಾಲ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಂತ ಆ 15,000ದ ಕಾರ್ಡನ್ನು ತಗೊಳ್ಳಿ ಅಂತ ನಾನು ಹೇಳುವುದಿಲ್ಲ. ಬಿಲ್ ಇಲ್ಲದ್ದು ಬೇಡ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡಿನಲ್ಲಿ ಮೈನಿಂಗ್ ಮಾಡುವುದು, ಅಂದರೆ ಕಾರ್ಡಿನಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು, ನಿಂತು ಹೋಯಿತು. ಅಲ್ಲಿಯವರೆಗೆ ಹಗಲು ರಾತ್ರಿ ಓಡಿದ ಕಾರ್ಡುಗಳೆಲ್ಲ ಮಾರ್ಕೆಟ್ಟಿಗೆ ಬಂದವು. 3060ಯಲ್ಲಿ ಮೈನಿಂಗ್ ತಡೆಯಲು ಕಂಪನಿ ಒಂದು ಮಿತಿ ಹಾಕಿತ್ತು, ಅದನ್ನೂ ಜನ ದಾಟಿದರು. ಆ ವರ್ಷದ ಕೊನೆಗೆ ನನ್ನ ಅಕ್ಕನ ಮಗನಿಗೆ ಒಂದು ಕಾರ್ಡ್ ಬೇಕಿತ್ತು. ಮೆಜೆಸ್ಟಿಕ್ ಹತ್ತಿರ ಒಬ್ಬರ ಬಳಿ ಸಿಕ್ಕಿತು. ಬಾಕ್ಸ್ ಹೊಸದರಂತೆ ಹೊಳೆಯುತ್ತಿತ್ತು. ಐದು ನಿಮಿಷ ಹಾಕಿ ನೋಡಿದೆ, ಚಿತ್ರ ಬಂತು, ದುಡ್ಡು ಕೊಟ್ಟೆ. ಮೂರನೇ ತಿಂಗಳು ಪರದೆ ತುಂಬಾ ಬಣ್ಣಬಣ್ಣದ ಚೌಕಗಳು. ಮೆಮೊರಿ ಹೋಗಿತ್ತು. ಮಾರಿದವರ ಫೋನ್ ಸ್ವಿಚ್ ಆಫ್. ಹುಡುಗ ಎರಡು ವರ್ಷ ಟ್ಯೂಷನ್ ಹೇಳಿಕೊಟ್ಟು ಕೂಡಿಸಿದ್ದ ದುಡ್ಡು ಅದು. ‘ಪರವಾಗಿಲ್ಲ ಮಾಮ’ ಅಂದ. ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ನಿಮ್ಮ ಮೆಡಿಕಲ್ ಸ್ಟೋರಿನ ದುಡ್ಡಿಗೆ ಹಾಗೆ ಆಗಬಾರದು.

ಆದ್ದರಿಂದ ಬಿಲ್ ಇರುವ, ವಾರಂಟಿ ಒಂದಿಷ್ಟಾದರೂ ಉಳಿದಿರುವ 3060 12 ಜಿಬಿ ಹುಡುಕಿ. ಬಹಳಷ್ಟು ಕಂಪನಿಗಳ ವಾರಂಟಿ ಮೂರು ವರ್ಷ. 2021ರಲ್ಲಿ ಕೊಂಡದ್ದಕ್ಕೆ ಮುಗಿದಿರುತ್ತದೆ, ತಡವಾಗಿ ಮಾರಾಟವಾದದ್ದಕ್ಕೆ ಉಳಿದಿರಬಹುದು. ಬಿಲ್ಲಿನ ಮೇಲಿನ ಸೀರಿಯಲ್ ನಂಬರ್, ಬಾಕ್ಸಿನದು, ಕಾರ್ಡಿನ ಹಿಂಬದಿಯದು ಮೂರೂ ಒಂದೇ ಇರಬೇಕು. ಅಂಥದ್ದಕ್ಕೆ 17,000, 18,000 ಕೊಟ್ಟರೂ ನಷ್ಟವಿಲ್ಲ.

ಎಸ್.ಪಿ. ರೋಡಿಗೆ ಹೋಗಲು ಬನಶಂಕರಿಯಲ್ಲಿ ಮೆಟ್ರೊ ಹತ್ತಿದರೆ ಹಸಿರು ಲೈನಿನಲ್ಲೇ ನೇರ ಚಿಕ್ಕಪೇಟೆ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಹೋಗಬೇಡಿ. ವಾರದ ನಡುವೆ, ಬೆಳಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಹೋದರೆ ಟೆಸ್ಟ್ ಮಾಡಲು ಜಾಗವೂ ಸಿಗುತ್ತದೆ, ಅವರಿಗೆ ವ್ಯವಧಾನವೂ ಇರುತ್ತದೆ. ಜಿಪಿಯು-ಜೆಡ್ ಅನ್ನುವ ಪುಟ್ಟ ಪ್ರೋಗ್ರಾಮನ್ನು ಪೆನ್ ಡ್ರೈವಿನಲ್ಲಿ ತಗೊಂಡು ಹೋಗಿ. ಅದರಲ್ಲಿ 12,288 ಎಂಬಿ ಮೆಮೊರಿ, 192 ಬಿಟ್, 3,584 ಅನ್ನುವ ಮೂರು ಸಂಖ್ಯೆ ಕಾಣಬೇಕು. 2022ರಲ್ಲಿ ಇದೇ 3060 ಹೆಸರಿನಲ್ಲಿ 8 ಜಿಬಿ, 128 ಬಿಟ್ಟಿನ ಇನ್ನೊಂದು ಕಾರ್ಡ್ ಬಂದಿದೆ. ಅದು ಇದಕ್ಕಿಂತ ನಿಧಾನ. ಬಾಕ್ಸಿನ ಮುಂದೆ ದೊಡ್ಡದಾಗಿ 3060 ಅಂತಲೇ ಇರುತ್ತದೆ, ಮೋಸ ಹೋಗಬೇಡಿ. ನಿಮ್ಮ ಪತ್ರದಲ್ಲಿ ಅಂಗಡಿಯವರು 12 ಜಿಬಿಯದೇ ಅಂತ ಹೇಳಿದ್ದಾರೆಯೇ ಅನ್ನುವುದೂ ಸ್ಪಷ್ಟವಿಲ್ಲ.

ಆಮೇಲೆ ಕಾರ್ಡನ್ನು ಫುಲ್ ಓಡಿಸಿ ಪರೀಕ್ಷಿಸುವ ಫರ್‌ಮಾರ್ಕ್ ಪ್ರೋಗ್ರಾಮ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ. ಐದು ನಿಮಿಷ ಸಾಲದು. ಬಿಸಿ 65-75 ಡಿಗ್ರಿಯಲ್ಲಿ ನಿಂತರೆ ಒಳ್ಳೆಯದು, 80 ದಾಟಿ ಏರುತ್ತಲೇ ಇದ್ದರೆ ಚಿಪ್ಪಿನ ಬಿಸಿ ಹೊರಗೆ ಸಾಗಿಸುವ ಪೇಸ್ಟ್ ಒಣಗಿರಬಹುದು, ಇಲ್ಲವೇ ಫ್ಯಾನ್ ಸರಿ ಇಲ್ಲ. ಫ್ಯಾನಿನ ಹತ್ತಿರ ಕಿವಿ ಇಟ್ಟು ಗರಗರ ಸದ್ದು ಇದೆಯಾ ಕೇಳಿ. ಕಾರ್ಡಿನ ಅಂಚಿನಲ್ಲಿ ಎಣ್ಣೆಯ ಪಸೆ ಇದ್ದರೆ ಬಹಳ ಕಾಲ ಬಿಸಿಯಲ್ಲಿ ಓಡಿದೆ ಅಂತ ಅನುಮಾನಿಸಿ. ‘ಚೆಕಿಂಗ್ ವಾರಂಟಿ ಏಳು ದಿನ’ ಅಂತ ಬಾಯಲ್ಲಿ ಹೇಳಿದರೆ, ಅದನ್ನೇ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮೂರು ನಾಲ್ಕು ವಾರ ಹುಡುಕಿಯೂ ಸಿಗದಿದ್ದರೆ? ಆಗ ಹೊಸದಕ್ಕೇ ಕೂಡಿಸಿ, ಆದರೆ 4060ಗಲ್ಲ. 2025ರ ಮೇ ತಿಂಗಳಲ್ಲಿ ಬಂದ 5060 ಅಮೆರಿಕದಲ್ಲಿ 4060 ಬಂದಾಗಿನ ಬೆಲೆಗೇ, 299 ಡಾಲರಿಗೇ ಬಂತು. ಅದರಲ್ಲೂ 8 ಜಿಬಿ, 8 ಲೇನ್, ನಾನು ಹೇಳಿದ ತೊಂದರೆ ಅಲ್ಲೂ ಇದೆ. ಆದರೂ ಮೆಮೊರಿಯ ವೇಗ ಸೆಕೆಂಡಿಗೆ 272 ಜಿಬಿಯಿಂದ 448ಕ್ಕೆ ಏರಿದೆ. ಬೆಲೆ ಹತ್ತಿರ ಹತ್ತಿರ ಇದ್ದರೆ 4060 ಯಾಕೆ? ಅಕ್ಕನ ದುಡ್ಡನ್ನು ಮಾತ್ರ ಇದಕ್ಕೆ ಮುಟ್ಟಬೇಡಿ. ಕಾಯಿರಿ. 1650 ನಿಮ್ಮ ವ್ಯಾಲರಂಟನ್ನು ಅಲ್ಲಿಯವರೆಗೆ ನೋಡಿಕೊಳ್ಳುತ್ತದೆ.

ಪ್ರಶ್ನೆ: ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. 4060 ಇರುವ ಲ್ಯಾಪ್‌ಟಾಪೇ ಬೇಕು ಅಂತ ಹಟ. ಎರಡು ಲ್ಯಾಪ್‌ಟಾಪ್ ನೋಡಿದೆವು. ಎರಡರಲ್ಲೂ 4060 ಅಂತಲೇ ಇದೆ, ಬೆಲೆಯಲ್ಲಿ 14,000 ವ್ಯತ್ಯಾಸ. ಕಮ್ಮಿಯದು ತಗೊಂಡರೆ ಆಗದೇ?
ಒಬ್ಬ ತಾಯಿ, ಮಲ್ಲೇಶ್ವರ

ಉತ್ತರ: ಅಮ್ಮಾ, ಅಂಗಡಿಯಲ್ಲಿ ಒಂದೇ ಮಾತು ಕೇಳಿ: ‘ಇದರ ಗ್ರಾಫಿಕ್ಸ್ ಎಷ್ಟು ವಾಟಿನದು?’ ಲ್ಯಾಪ್‌ಟಾಪಿನ 4060ಯನ್ನು ತಯಾರಿಸುವವರು 35 ವಾಟಿನಿಂದ 115 ವಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಕೂರಿಸಬಹುದು. ಹೆಸರು ಒಂದೇ, ಓಟ ಬೇರೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ವಾಟ್ ಕಮ್ಮಿ ಇರುವುದೇ ಜಾಸ್ತಿ. ಮಗ ದಿನಾ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವನಾದರೆ ಹಗುರದ್ದೇ ಸರಿ, ಗೇಮ್ ಸ್ವಲ್ಪ ನಿಧಾನ ಅಂತ ಅವನಿಗೆ ಮೊದಲೇ ಹೇಳಿಬಿಡಿ. ಹಾಸ್ಟೆಲಿನ ಮೇಜಿನ ಮೇಲೇ ಇರುವುದಾದರೆ ವಾಟ್ ಜಾಸ್ತಿ ಇರುವುದು ತಗೊಳ್ಳಿ. ಅಂಗಡಿಯವರಿಗೆ ವಾಟ್ ಗೊತ್ತಿಲ್ಲದಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಬಂದು, ಕಂಪನಿಯ ವಿವರ ನೋಡಿಯೇ ದುಡ್ಡು ಕೊಡಿ.

ಪ್ರಶ್ನೆ: ನಮಗೆ ಗೃಹಜ್ಯೋತಿ ಇದೆ. ತಿಂಗಳಿಗೆ 180 ಯೂನಿಟ್ ಆಸುಪಾಸು ಬರುತ್ತದೆ. ಮಗ 3060 ಹಾಕಿದ ಕಂಪ್ಯೂಟರ್ ತರುತ್ತಾನಂತೆ, ದಿನಾ ಮೂರು ಗಂಟೆ ಆಡ್ತಾನೆ. 200 ದಾಟುತ್ತದಾ?
ಓದುಗರು, ಹನುಮಂತನಗರ

ಉತ್ತರ: ದಾಟುತ್ತದೆ. ಕಾರ್ಡು 170 ವಾಟ್, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ಸುಮಾರು 300 ವಾಟ್ ಅಂತ ಹಿಡಿಯಿರಿ. ದಿನಕ್ಕೆ ಮೂರು ಗಂಟೆ, 30 ದಿನ, 27 ಯೂನಿಟ್. 180ಕ್ಕೆ ಸೇರಿಸಿದರೆ 207. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. 4060 ತಂದರೂ ತಿಂಗಳಿಗೆ ಐದು ಯೂನಿಟ್ ಕಮ್ಮಿ ಅಷ್ಟೆ, 202 ಆಗುತ್ತದೆ. ಕಾರ್ಡ್ ಬದಲಿಸುವುದರಿಂದ ಆಗದ್ದನ್ನು ಹೀಗೆ ಮಾಡಬಹುದು. ಗೇಮಿನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಇಡಲು ಮಗನಿಗೆ ಹೇಳಿ. ಕಾರ್ಡ್ ಆಗ ಫುಲ್ ಓಡುವುದಿಲ್ಲ, ಒಟ್ಟು 250 ವಾಟಿನ ಹತ್ತಿರ ಇರುತ್ತದೆ. ಆಟ ದಿನಕ್ಕೆ ಎರಡು ಗಂಟೆ ಅಂತ ಮಾತಾಡಿಕೊಳ್ಳಿ. ಆಗ 15 ಯೂನಿಟ್, ಒಟ್ಟು 195. ಇನ್ನೊಂದು ವಿಷಯ. ನಿಮ್ಮ ಮನೆಗೆ ಗೊತ್ತು ಮಾಡಿದ ಉಚಿತ ಮಿತಿ ಎಷ್ಟು ಅಂತ ಬಿಲ್ಲಿನಲ್ಲಿ ನೋಡಿ. ಹಿಂದಿನ ಸರಾಸರಿಗೆ ಶೇ. 10 ಸೇರಿಸಿ ಅದನ್ನು ಇಟ್ಟಿರುತ್ತಾರೆ. ಅದು 190 ಆಗಿದ್ದರೆ ಮೇಲಿನ 5 ಯೂನಿಟ್ಟಿಗೆ ದುಡ್ಡು ಬರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಜಾಸ್ತಿ ಓಡುವ ತಿಂಗಳಲ್ಲಿ ಮೀಟರನ್ನು ವಾರಕ್ಕೊಮ್ಮೆ ನೀವೇ ಓದಿ ಬರೆದಿಡಿ.

ಪ್ರಶ್ನೆ: 2017ರಲ್ಲಿ ಕೊಂಡ ಜಿಟಿಎಕ್ಸ್ 1060, 6 ಜಿಬಿ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನಿಂತಿತಂತೆ. ಎಸೆಯಬೇಕಾ?
ಓದುಗರು, ಯಲಹಂಕ

ಉತ್ತರ: ಬೇಡ. 2016ರ ಆ ತಲೆಮಾರಿಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರಿನಲ್ಲಿ ಮುಗಿಯಿತು. ಸುರಕ್ಷತೆಯ ಅಪ್‌ಡೇಟ್ 2028ರ ಅಕ್ಟೋಬರಿನವರೆಗೆ ಬರುತ್ತದೆ. ಈಗ ಆಡುವ ಗೇಮ್‌ಗಳು ಹಾಗೇ ಓಡುತ್ತವೆ. ಎಂಟು ವರ್ಷ ದುಡಿದ ಕಾರ್ಡ್, ಒಂದು ಸಲ ಬಿಚ್ಚಿಸಿ ಧೂಳು ತೆಗೆಸಿ, ಹೊಸ ಪೇಸ್ಟ್ ಹಾಕಿಸಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡಿರಲು ಹೇಳಿ. ಗಾಳಿಯ ರಭಸಕ್ಕೆ ಅದು ಗರಗರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.